ಕಾರಿಗೆ ಬೆಂಕಿ ಬಿದ್ದಾಗಲೆಲ್ಲ ಕಾರಣ ‘ಶಾರ್ಟ್ ಸರ್ಕ್ಯೂಟ್’ ಅಲ್ಲ: ಹಾರನ್, ಹೆಡ್‌ಲೈಟ್ ಮತ್ತು ಒಂದು ಪುಟ್ಟ ರಿಲೇ

ರಸ್ತೆ ಬದಿಯಲ್ಲಿ ಕಾರೊಂದು ಹೊತ್ತಿ ಉರಿದರೆ ಸುದ್ದಿಮನೆಗಳಲ್ಲಿ ಒಂದು ಸಾಲು ಮೊದಲೇ ಸಿದ್ಧವಾಗಿರುತ್ತದೆ: ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿದೆ ಎನ್ನಲಾಗಿದೆ’. ಎಂದವರು ಯಾರು? ಯಾವ ತಂತಿ ಯಾವುದಕ್ಕೆ ತಾಗಿತು? ಹಾಗೆ ತಾಗಿದ್ದರೆ ಫ್ಯೂಸ್ ಯಾಕೆ ಹೋಗಲಿಲ್ಲ? ಈ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಫ್ಯೂಸ್ ಅನ್ನೋದು ಇರುವುದೇ ಶಾರ್ಟ್ ಸರ್ಕ್ಯೂಟ್ ಆದಾಗ ತಾನು ಸತ್ತು ತಂತಿಯನ್ನು ಉಳಿಸುವುದಕ್ಕೆ. ಸರಿಯಾದ ಅಳತೆಯ ಫ್ಯೂಸ್ ಸರಿಯಾದ ಜಾಗದಲ್ಲಿದ್ದರೆ, ತಂತಿ ಬಾಡಿಗೆ ತಾಗಿದ ಕ್ಷಣದಲ್ಲೇ ಅದು ಕರಗಿ ಕತೆ ಅಲ್ಲಿಗೆ ಮುಗಿಯಬೇಕು. ಮುಗಿದಿಲ್ಲ ಅಂದ್ರೆ ಒಂದೋ ಅಲ್ಲಿ ಫ್ಯೂಸೇ ಇರಲಿಲ್ಲ, ಇಲ್ಲವೇ ಇದ್ದದ್ದು ತಪ್ಪು ಫ್ಯೂಸ್, ಅದೂ ಅಲ್ಲವಾದರೆ ಅಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿಯೇ ಇರಲಿಲ್ಲ.

ಕಾರಿನ ಬೆಂಕಿಗೆ ಪೆಟ್ರೋಲ್ ಸೋರಿಕೆಯಿಂದ ಹಿಡಿದು ಇಲಿ ಕಡಿದ ತಂತಿಯವರೆಗೆ ಹಲವು ಕಾರಣ ಇರಬಹುದು. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವುದು ಬೇಡ. ನಾನಿಲ್ಲಿ ಹೇಳಹೊರಟಿರುವುದು ಮಾಲೀಕರು ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಒಂದು ಕಾರಣವನ್ನು. ಜೋರಾದ ಹಾರನ್ ಹಾಕಿಸುತ್ತಾರೆ, ಹೆಡ್‌ಲೈಟಿಗೆ ‘ಪವರ್’ ಬಲ್ಬ್ ಹಾಕಿಸುತ್ತಾರೆ, ಹಳೆಯ ತಂತಿ ಮತ್ತು ಹಳೆಯ ಸ್ವಿಚ್ಚು ಮಾತ್ರ ಹಾಗೇ ಉಳಿಯುತ್ತವೆ. ನಡುವೆ ಇರಬೇಕಾಗಿದ್ದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಡಬ್ಬಿ ಇರುವುದಿಲ್ಲ. ಅದರ ಹೆಸರು ರಿಲೇ. ಬೆಲೆ ಕೆಲವು ನೂರು ರೂಪಾಯಿ ಅಷ್ಟೇ.

ಸಣ್ಣ ಲೆಕ್ಕದಿಂದ ಶುರು ಮಾಡೋಣ, ಪಿಯುಸಿ ಭೌತಶಾಸ್ತ್ರ ಸಾಕು. ನಮ್ಮ ರಸ್ತೆಗಳಲ್ಲಿ ಓಡಾಡುವ ಬಹಳಷ್ಟು ಕಾರುಗಳ ಹೆಡ್‌ಲೈಟಿನಲ್ಲಿರುವುದು ಎಚ್4 ಎಂಬ ಮಾದರಿಯ ಹ್ಯಾಲೊಜೆನ್ ಬಲ್ಬು. ಒಂದೇ ಬಲ್ಬಿನೊಳಗೆ ಎರಡು ತಂತು. ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. ಬ್ಯಾಟರಿ 12 ವೋಲ್ಟ್. 60ನ್ನು 12ರಿಂದ ಭಾಗಿಸಿದರೆ 5 ಆಂಪಿಯರ್. ಎಡಕ್ಕೊಂದು, ಬಲಕ್ಕೊಂದು ಸೇರಿ 10 ಆಂಪಿಯರ್. ಇದು ಎಷ್ಟು ಅಂತ ಅಂದಾಜು ಬೇಕಾ? ಮನೆಯ ಎರಡು ಕಿಲೋವ್ಯಾಟ್ ಗೀಸರ್ ಎಳೆಯುವುದು 9 ಆಂಪಿಯರ್‌ಗಿಂತ ಸ್ವಲ್ಪ ಕಡಿಮೆ. ಗೀಸರ್‌ಗೆ ಬೇರೆ ದಪ್ಪ ತಂತಿ, ಬೇರೆ ಸ್ವಿಚ್ಚು ಹಾಕಿಸುತ್ತೇವೆ. ಕಾರಿನ ಎರಡು ಬಲ್ಬು ಅದಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತವೆ ಅಂದ್ರೆ ಯಾರೂ ನಂಬುವುದಿಲ್ಲ. ‘12 ವೋಲ್ಟ್ ತಾನೇ, ಮುಟ್ಟಿದ್ರೂ ಶಾಕ್ ಹೊಡೆಯಲ್ಲ’ ಎಂಬ ಮಾತು ನಿಜ. ಆದರೆ ತಂತಿ ಬಿಸಿಯಾಗುವುದು ವೋಲ್ಟೇಜಿನಿಂದ ಅಲ್ಲ, ಅದರಲ್ಲಿ ಹರಿಯುವ ಕರೆಂಟಿನಿಂದ.

ಈ 10 ಆಂಪಿಯರ್ ಎಲ್ಲೆಲ್ಲಿ ಸುತ್ತಿ ಬರುತ್ತದೆ ನೋಡಿ. ರಿಲೇ ಇಲ್ಲದ ಹಳೆಯ ಸಣ್ಣ ಕಾರಿನಲ್ಲಿ, ವ್ಯಾನಿನಲ್ಲಿ, ಬ್ಯಾಟರಿಯಿಂದ ಹೊರಟ ಕರೆಂಟು ಬಾನೆಟ್ ದಾಟಿ ಡ್ಯಾಶ್‌ಬೋರ್ಡಿನ ಕೆಳಗೆ ಇಳಿಯಬೇಕು, ಸ್ಟೀರಿಂಗ್ ಪಕ್ಕದ ಡಿಮ್-ಡಿಪ್ ಕಡ್ಡಿಯೊಳಗೆ ಹೋಗಬೇಕು, ಅಲ್ಲಿಂದ ಮತ್ತೆ ವಾಪಸ್ ಬಾನೆಟ್ಟಿಗೆ ಬಂದು ಬಲ್ಬು ತಲುಪಬೇಕು. ಐದಾರು ಮೀಟರ್ ತಂತಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಐದು ಮೀಟರಿಗೆ ಸುಮಾರು 0.09 ಓಮ್ ರೋಧ. 10 ಆಂಪಿಯರ್ ಹರಿದರೆ 0.9 ವೋಲ್ಟ್ ದಾರಿಯಲ್ಲೇ ಖರ್ಚು. ಇದರ ಜೊತೆಗೆ ನಾಲ್ಕಾರು ಕನೆಕ್ಟರ್, ಫ್ಯೂಸಿನ ಎರಡು ಕಾಲು, ಸ್ವಿಚ್ಚಿನೊಳಗಿನ ಹಿತ್ತಾಳೆ ಪಟ್ಟಿ. ಹತ್ತು ವರ್ಷ ಹಳೆಯ ಗಾಡಿಯಲ್ಲಿ ಇವೆಲ್ಲ ಸೇರಿ ಒಂದೂಕಾಲು, ಒಂದೂವರೆ ವೋಲ್ಟ್ ತಿಂದುಹಾಕುವುದು ದೊಡ್ಡ ವಿಷಯವೇನಲ್ಲ.

ಒಂದು ವೋಲ್ಟ್ ಹೋದರೆ ಏನಾಯ್ತು ಅನ್ನಬಹುದು. ಹ್ಯಾಲೊಜೆನ್ ಬಲ್ಬಿನ ಸ್ವಭಾವ ವಿಚಿತ್ರ. ಅದರ ಬೆಳಕು ವೋಲ್ಟೇಜಿನ ಜೊತೆ ಸಮಸಮನಾಗಿ ಇಳಿಯುವುದಿಲ್ಲ, ಹೆಚ್ಚುಕಡಿಮೆ ಮೂರೂವರೆ ಘಾತದಲ್ಲಿ ಇಳಿಯುತ್ತದೆ. ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಶೇ. 30ರಷ್ಟು ಹೋಗುತ್ತದೆ. ಬಲ್ಬು ಉರಿಯುತ್ತಲೇ ಇರುತ್ತದೆ, ಹಳದಿಯಾಗಿರುತ್ತದೆ ಅಷ್ಟೇ. ರಾತ್ರಿ ಹೊತ್ತು ಚಾರ್ಮಾಡಿ ಘಾಟಿ ಇಳಿಯುವ ಹಳೆ ವ್ಯಾನಿನ ಚಾಲಕ ‘ಲೈಟು ಸಾಲ್ತಿಲ್ಲ’ ಅಂದಾಗ ಅವನ ಕಣ್ಣಿನದಾಗಲೀ ಬಲ್ಬಿನದಾಗಲೀ ತಪ್ಪಿಲ್ಲದಿರಬಹುದು. ಕಂಪನಿ ಕೊಟ್ಟ ಬೆಳಕಿನಲ್ಲಿ ಮೂರನೇ ಒಂದು ಪಾಲು ಡ್ಯಾಶ್‌ಬೋರ್ಡಿನ ಕೆಳಗೆ ಶಾಖವಾಗಿ ಹೋಗುತ್ತಿರುತ್ತದೆ. ಅವನು ಮಾಡುವುದು ಏನು? ಅಂಗಡಿಗೆ ಹೋಗಿ 100/90 ವ್ಯಾಟಿನ ಬಲ್ಬು ಹಾಕಿಸುತ್ತಾನೆ. ಈಗ ಅದೇ ತಂತಿಯಲ್ಲಿ 10 ಆಂಪಿಯರ್ ಬದಲು ಹದಿನಾರೂವರೆಗೂ ಹೆಚ್ಚು. ಶಾಖ ಕರೆಂಟಿನ ವರ್ಗಕ್ಕೆ ಅನುಗುಣ, ಹಾಗಾಗಿ ತಂತಿಯೂ ಸ್ವಿಚ್ಚೂ ಮೊದಲಿಗಿಂತ ಸುಮಾರು ಎರಡೂಮುಕ್ಕಾಲು ಪಟ್ಟು ಬಿಸಿಯನ್ನು ತಡೆದುಕೊಳ್ಳಬೇಕು.

ಇಲ್ಲೇ ಆ ‘ಶಾರ್ಟ್ ಸರ್ಕ್ಯೂಟ್’ ಪ್ರಶ್ನೆಗೆ ಉತ್ತರವಿದೆ. ಸ್ವಿಚ್ಚಿನ ಒಂದು ಸಂಪರ್ಕ ಬಿಂದು ತುಕ್ಕು ಹಿಡಿದು, ಕಿಡಿ ಹಾರಿ ಹಾರಿ ಕಪ್ಪಾಗಿ, ಅದರ ರೋಧ 0.1 ಓಮ್‌ಗೆ ಏರಿದೆ ಅಂತಿಟ್ಟುಕೊಳ್ಳಿ. 10 ಆಂಪಿಯರ್ ಹರಿದಾಗ ಅಲ್ಲಿ ಹುಟ್ಟುವ ಶಾಖ 10 ವ್ಯಾಟ್. ಮೊಬೈಲ್ ರಿಪೇರಿ ಅಂಗಡಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್ ನೆನಪಿಸಿಕೊಳ್ಳಿ. ಅದರ ಅರ್ಧಕ್ಕೆ ಹತ್ತಿರದ ಬಿಸಿ, ಅಕ್ಕಿಕಾಳಿನಷ್ಟು ಹಿತ್ತಾಳೆಯ ಮೇಲೆ, ಸುತ್ತಲೂ ಪ್ಲಾಸ್ಟಿಕ್. ಪ್ಲಾಸ್ಟಿಕ್ ಮೆತ್ತಗಾಗುತ್ತದೆ, ಸಂಪರ್ಕ ಇನ್ನಷ್ಟು ಸಡಿಲವಾಗುತ್ತದೆ, ರೋಧ ಮತ್ತೆ ಏರುತ್ತದೆ. ಈ ಹೊತ್ತಿಗೆ ಫ್ಯೂಸ್ ಏನು ಮಾಡುತ್ತಿದೆ? ಏನೂ ಇಲ್ಲ. ಅದರ ಪಾಲಿಗೆ ಹರಿಯುತ್ತಿರುವುದು ಅದೇ 10 ಆಂಪಿಯರ್, ನಿಜ ಹೇಳಬೇಕೆಂದರೆ ಅದಕ್ಕಿಂತ ಸ್ವಲ್ಪ ಕಡಿಮೆಯೇ. ಫ್ಯೂಸ್ ಲೆಕ್ಕ ಇಡುವುದು ಕರೆಂಟನ್ನು, ಬಿಸಿಯಾದ ಜಾಯಿಂಟನ್ನಲ್ಲ. ಅತಿ ಕರೆಂಟು ಒಂದು ರೋಗ, ಕೆಟ್ಟ ಜಾಯಿಂಟು ಇನ್ನೊಂದು ರೋಗ. ಎರಡಕ್ಕೂ ನಾವು ಒಂದೇ ಹೆಸರಿಡುತ್ತೇವೆ, ಹಾಗಾಗಿ ಎರಡನೆಯದಕ್ಕೆ ಮದ್ದು ಹುಡುಕುವುದೇ ಇಲ್ಲ.

ಮದ್ದು ಬಹಳ ಹಳೆಯದು. ದೊಡ್ಡ ಕರೆಂಟನ್ನು ಸ್ವಿಚ್ಚಿನ ತನಕ ಕರೆತರಬೇಡಿ, ಅಪ್ಪಣೆಯನ್ನು ಮಾತ್ರ ಕಳಿಸಿ. ರಿಲೇಯೊಳಗೆ ಇರುವುದು ಇಷ್ಟೇ: ಒಂದು ಕಬ್ಬಿಣದ ಮೊಳೆಯಂಥ ತಿರುಳು, ಅದರ ಸುತ್ತ ಕೂದಲಿನಷ್ಟು ತೆಳ್ಳನೆಯ ತಾಮ್ರದ ತಂತಿಯ ಸುರುಳಿ, ಮೇಲೊಂದು ಕಬ್ಬಿಣದ ಪಟ್ಟಿ, ಅದನ್ನು ಹಿಂದಕ್ಕೆ ಎಳೆದಿಡುವ ಸ್ಪ್ರಿಂಗು, ಪಟ್ಟಿಯ ತುದಿಯಲ್ಲಿ ಬೆಳ್ಳಿ ಮಿಶ್ರಲೋಹದ ಗುಂಡಿ. ಸುರುಳಿಗೆ ಕರೆಂಟ್ ಕೊಟ್ಟರೆ ತಿರುಳು ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆದುಕೊಳ್ಳುತ್ತದೆ, ಟಿಕ್ ಅನ್ನುತ್ತದೆ, ಗುಂಡಿ ಇನ್ನೊಂದು ಗುಂಡಿಗೆ ತಾಗುತ್ತದೆ. ಕರೆಂಟ್ ತೆಗೆದರೆ ಸ್ಪ್ರಿಂಗು ವಾಪಸ್ ಎಳೆಯುತ್ತದೆ, ಮತ್ತೆ ಟಿಕ್. ಕಾರಿನ ಸಾಮಾನ್ಯ ರಿಲೇಯ ಸುರುಳಿಗೆ 80ರಿಂದ 90 ಓಮ್ ರೋಧ; ಅದು ಎಳೆಯುವುದು 0.15 ಆಂಪಿಯರ್ ಆಸುಪಾಸು. ಅದರ ಗುಂಡಿಗಳು ಸಾಗಿಸಬಲ್ಲದ್ದು 30 ಆಂಪಿಯರ್.

ಈಗ ಅದೇ ಕೆಟ್ಟ ಸ್ವಿಚ್ಚಿಗೆ ವಾಪಸ್ ಹೋಗೋಣ. ರೋಧ ಅದೇ 0.1 ಓಮ್. ಹರಿಯುತ್ತಿರುವುದು 0.15 ಆಂಪಿಯರ್. ಶಾಖ ಎರಡು ಮಿಲಿವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಮೊದಲಿಗಿಂತ ನಾಲ್ಕು ಸಾವಿರ ಪಟ್ಟು ಕಡಿಮೆ. ಸ್ವಿಚ್ಚು ಹಾಗೇ ಇದೆ, ತುಕ್ಕು ಹಾಗೇ ಇದೆ, ಅಪಾಯ ಮಾತ್ರ ಇಲ್ಲ. ದೊಡ್ಡ ಕರೆಂಟು ಬ್ಯಾಟರಿಯಿಂದ ನೇರ ಬಾನೆಟ್ಟಿನೊಳಗೇ ರಿಲೇಗೆ, ಅಲ್ಲಿಂದ ಬಲ್ಬಿಗೆ, ದಪ್ಪ ತಂತಿಯಲ್ಲಿ ಒಂದೂವರೆ ಮೀಟರ್ ನಡೆದು ಮುಗಿಸುತ್ತದೆ. ವಿಧಾನಸೌಧದಿಂದ ಆದೇಶದ ಹಾಳೆ ಬರುತ್ತದೆ, ಸಿಮೆಂಟು ಜಲ್ಲಿ ಊರಿನಲ್ಲೇ ಖರೀದಿಯಾಗುತ್ತದೆ, ಅಂಥ ವ್ಯವಸ್ಥೆ ಇದು. (ಆದೇಶ ಬಂದ ತಕ್ಷಣ ಕೆಲಸ ಶುರುವಾಗುತ್ತೆ ಅನ್ನೋದೊಂದೇ ವ್ಯತ್ಯಾಸ.)

ರಿಲೇ ಎಂಬ ಹೆಸರೂ ಇದನ್ನೇ ಹೇಳುತ್ತದೆ. ದೂರ ಪ್ರಯಾಣದಲ್ಲಿ ದಣಿದ ಕುದುರೆಯನ್ನು ಬಿಟ್ಟು, ದಾರಿಯ ತಂಗುದಾಣದಲ್ಲಿ ಸಿದ್ಧವಾಗಿರುವ ಹೊಸ ಕುದುರೆ ಏರುವುದಕ್ಕೆ ಯುರೋಪಿನಲ್ಲಿದ್ದ ಹೆಸರು ಅದು. ನಮ್ಮಲ್ಲಿ 17ನೇ ಶತಮಾನದ ಕೊನೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆಯಲ್ಲಿ ಓಲೆ ಸಾಗುತ್ತಿದ್ದುದೂ ಹೀಗೇ, ಒಬ್ಬ ಓಟಗಾರನ ಕೈಯಿಂದ ಇನ್ನೊಬ್ಬನ ಕೈಗೆ. 1830ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಹೆನ್ರಿ ದೂರದಿಂದ ಬಂದ ಬಡಕಲು ಕರೆಂಟಿನಿಂದ ವಿದ್ಯುತ್ಕಾಂತ ಎಳೆಸಿ, ಅದರ ಮೂಲಕ ಬೇರೊಂದು ಬ್ಯಾಟರಿಯ ದೊಡ್ಡ ಕರೆಂಟನ್ನು ಆಡಿಸಬಹುದು ಎಂದು ತೋರಿಸಿದ. ಟೆಲಿಗ್ರಾಫ್ ನೂರಾರು ಮೈಲಿ ಹೋದದ್ದು ಈ ಉಪಾಯದಿಂದ: ಸುಸ್ತಾದ ಸಂಕೇತಕ್ಕೆ ದಾರಿಯಲ್ಲಿ ಹೊಸ ಬ್ಯಾಟರಿ ಎಂಬ ಹೊಸ ಕುದುರೆ. ಮುಂದೆ ಇದೇ ಡಬ್ಬಿಗಳನ್ನು ಸಾವಿರಗಟ್ಟಲೆ ಜೋಡಿಸಿ ಕಂಪ್ಯೂಟರ್‌ಗಳನ್ನೂ ಕಟ್ಟಿದರು. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಯಂತ್ರ ಕೈಕೊಟ್ಟಾಗ ಒಳಗೆ ಸಿಕ್ಕಿದ್ದು ರಿಲೇಯಲ್ಲಿ ಸಿಲುಕಿ ಸತ್ತ ಒಂದು ಪತಂಗ. ಅದನ್ನು ದಿನಚರಿ ಪುಸ್ತಕಕ್ಕೆ ಟೇಪು ಹಚ್ಚಿ ಅಂಟಿಸಿದ್ದರು.

ಇರ್ಲಿ, ಕಾರಿಗೆ ಬರೋಣ. ರಿಲೇಯ ತಳದಲ್ಲಿ ನಾಲ್ಕು ಅಥವಾ ಐದು ಕಾಲುಗಳಿರುತ್ತವೆ, ಪ್ರತಿಯೊಂದರ ಪಕ್ಕ ಒಂದು ಸಂಖ್ಯೆ. ಜರ್ಮನಿಯ ಡಿಐಎನ್ 72552 ಎಂಬ ಮಾನಕದ್ದು ಈ ಸಂಖ್ಯೆಗಳು. ಈಗ ಜಗತ್ತಿನ ಬಹುತೇಕ ಕಡೆ ಇವೇ ಬಳಕೆಯಲ್ಲಿವೆ. 85 ಮತ್ತು 86 ಸುರುಳಿಯ ಎರಡು ತುದಿ. 30 ಅಂದರೆ ಬ್ಯಾಟರಿಯಿಂದ ನೇರ ಬರುವ ದೊಡ್ಡ ಕರೆಂಟು. 87 ಅಂದರೆ ಅದು ಹೊರಗೆ ಹೋಗುವ ಬಾಗಿಲು, ಹಾರನ್ ಅಥವಾ ಬಲ್ಬಿನ ಕಡೆಗೆ. ಐದನೆಯ ಕಾಲು 87ಎ, ಸಾಮಾನ್ಯವಾಗಿ ಮಧ್ಯದಲ್ಲಿರುತ್ತದೆ. ರಿಲೇ ಮಲಗಿರುವಾಗ 30ಕ್ಕೆ ಸೇರಿಕೊಂಡಿರುವುದು ಇದು. ಅಪ್ಪಿತಪ್ಪಿ ಬಲ್ಬನ್ನು 87ಎಗೆ ಕೊಟ್ಟರೆ ಸ್ವಿಚ್ ಹಾಕದಿದ್ದಾಗ ಲೈಟು ಉರಿಯುತ್ತದೆ, ಹಾಕಿದಾಗ ಆರುತ್ತದೆ! ಈ ಸಂಖ್ಯೆಗಳಿಗೆ ಭಾಷೆಯ ಹಂಗಿಲ್ಲ, ಜರ್ಮನ್ ಬರಬೇಕಿಲ್ಲ, ಇಂಗ್ಲಿಷೂ ಬೇಡ. ಆದರೂ ರಿಲೇ ಡಬ್ಬಿಯ ಜೊತೆ ಬರುವ ಚೀಟಿಯಲ್ಲಿ ನಾಲ್ಕು ಸಾಲು ಕನ್ನಡ ಇದ್ದಿದ್ದರೆ ತಾಲೂಕು ಕೇಂದ್ರದ ಎಲೆಕ್ಟ್ರಿಷಿಯನ್ ಬಳಿ ಕಲಿಯುವ ಹುಡುಗ ತಂತಿಯ ಬಣ್ಣ ನೋಡಿ ಊಹೆ ಮಾಡುವುದು ತಪ್ಪುತ್ತಿತ್ತು. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಸಂಖ್ಯೆ ಬದಲಾಗುವುದಿಲ್ಲ.

85, 86ರಲ್ಲಿ ಯಾವುದಕ್ಕೆ ಪಾಸಿಟಿವ್ ಕೊಟ್ಟರೂ ಅಯಸ್ಕಾಂತಕ್ಕೆ ವ್ಯತ್ಯಾಸವಿಲ್ಲ. ಆದರೆ ಕೆಲವು ರಿಲೇಗಳ ಒಳಗೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಇರುತ್ತದೆ. ಸುರುಳಿಯ ಕರೆಂಟನ್ನು ಥಟ್ಟನೆ ಕಡಿದಾಗ ಅದು ನೂರಕ್ಕೂ ಹೆಚ್ಚು ವೋಲ್ಟಿನ ಒಂದು ಒದೆತ ಕೊಡಬಲ್ಲದು, ಆ ಒದೆತವನ್ನು ನುಂಗಲಿಕ್ಕೆ ಈ ಡಯೋಡ್. ಅಂಥ ರಿಲೇಯಲ್ಲಿ 86ಕ್ಕೆ ಪಾಸಿಟಿವ್ ಎಂಬ ರೂಢಿಯನ್ನು ಪಾಲಿಸಲೇಬೇಕು, ಉಲ್ಟಾ ಕೊಟ್ಟರೆ ಡಯೋಡ್ ಸುಡುತ್ತದೆ. ರಿಲೇಯ ಮೈಮೇಲೆ ಅಚ್ಚಾಗಿರುವ ಪುಟ್ಟ ಚಿತ್ರ ನೋಡಿದರೆ ಗೊತ್ತಾಗುತ್ತದೆ.

ಹಾರನ್ನಿನ ವಿಷಯ ಇನ್ನೂ ಸ್ವಾರಸ್ಯ. ನೀವು ಸ್ಟೀರಿಂಗ್ ಮಧ್ಯದಲ್ಲಿ ಒತ್ತುವ ಗುಂಡಿ ಸಾಮಾನ್ಯವಾಗಿ ಹಾರನ್ನಿಗೆ ಕರೆಂಟು ಕೊಡುವುದೇ ಇಲ್ಲ. ರಿಲೇ ಸುರುಳಿಯ ಒಂದು ತುದಿಗೆ ಪಾಸಿಟಿವ್ ಆಗಲೇ ಕಾದಿರುತ್ತದೆ. ಗುಂಡಿ ಇನ್ನೊಂದು ತುದಿಯನ್ನು ಅರ್ತ್‌ಗೆ, ಅಂದರೆ ಕಾರಿನ ಬಾಡಿಗೆ, ಮುಟ್ಟಿಸುತ್ತದೆ ಅಷ್ಟೇ. ಹೀಗೆ ಮಾಡಲು ಕಾರಣ ಇದೆ. ಸ್ಟೀರಿಂಗ್ ತಿರುಗುವ ವಸ್ತು, ತಿರುಗುವುದರೊಳಕ್ಕೆ ತಂತಿ ಎಳೆಯುವುದು ತಲೆನೋವು. ಗುಂಡಿಗೆ ಒಂದೇ ತಂತಿ ಸಾಕಾದರೆ ಅರ್ಧ ತಲೆನೋವು ಕಮ್ಮಿ. ಹಳೆಯ ಕಾರುಗಳಲ್ಲಿ ತಾಮ್ರದ ಉಂಗುರದ ಮೇಲೆ ಉಜ್ಜುವ ಪಟ್ಟಿ ಇರುತ್ತಿತ್ತು. ಏರ್‌ಬ್ಯಾಗ್ ಬಂದ ಮೇಲೆ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಟ್ಟ ಚಪ್ಪಟೆ ರಿಬ್ಬನ್ ತಂತಿ ಬಂತು. ಏರ್‌ಬ್ಯಾಗಿನ ಸಂಕೇತ, ಸ್ಟೀರಿಂಗ್ ಮೇಲಿನ ಸ್ಟೀರಿಯೊ ಗುಂಡಿಗಳು, ಹಾರನ್ ಎಲ್ಲವೂ ಆ ತೆಳು ರಿಬ್ಬನ್ನಿನಲ್ಲೇ. ಅದರಲ್ಲಿ ಎರಡು ಹಾರನ್ನಿನ ಎಂಟು ಹತ್ತು ಆಂಪಿಯರ್ ಹರಿಸುವ ಯೋಚನೆಯೇ ತಪ್ಪು.

ಹಾರನ್ ಕೂಡ ಒಂದು ಲೆಕ್ಕದಲ್ಲಿ ರಿಲೇಯ ಅಣ್ಣತಮ್ಮನೇ. ಅದರೊಳಗೂ ಸುರುಳಿ, ತಿರುಳು, ಸಂಪರ್ಕ ಗುಂಡಿ. ವ್ಯತ್ಯಾಸ ಏನಂದ್ರೆ ಇಲ್ಲಿ ಅಯಸ್ಕಾಂತ ಉಕ್ಕಿನ ತೆಳು ತಟ್ಟೆಯನ್ನು ಎಳೆದ ಕೂಡಲೇ ಆ ಚಲನೆಯೇ ಸಂಪರ್ಕವನ್ನು ಬಿಡಿಸುತ್ತದೆ. ಕರೆಂಟ್ ಹೋಯ್ತು, ತಟ್ಟೆ ವಾಪಸ್, ಸಂಪರ್ಕ ಮತ್ತೆ ಕೂಡಿತು, ಮತ್ತೆ ಎಳೆತ. ಸೆಕೆಂಡಿಗೆ 300ರಿಂದ 500 ಸಲ. ತನ್ನನ್ನು ತಾನೇ ಆರಿಸಿಕೊಳ್ಳುವ ರಿಲೇ ಅದು, ನಾವು ಕೇಳುವ ಪೀಂ ಎಂಬ ಸದ್ದು ಆ ಜಗಳದ್ದು. ಪ್ರತಿ ಸಲವೂ ಕಿಡಿ ಹಾರುತ್ತದೆ. ಗುಂಡಿಯೇ ನೇರ ಹಾರನ್ನಿನ ಕರೆಂಟನ್ನು ಹೊತ್ತರೆ ಅದೂ ಕೈ ಎತ್ತಿದಾಗಲೆಲ್ಲ ಕಿಡಿಯಾಗಿ ಸವೆಯುತ್ತದೆ.

ಇಷ್ಟು ತಿಳಿದ ಮೇಲೆ ಹಾರನ್ ಕೆಟ್ಟರೆ ಗ್ಯಾರೇಜಿಗೆ ಓಡುವ ಮೊದಲು ಕಿವಿ ಕೊಡಿ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಬೇಡ. ಫ್ಯೂಸ್ ಬಾಕ್ಸಿನ ಹತ್ತಿರ ಒಬ್ಬರು ನಿಲ್ಲಲಿ, ಇನ್ನೊಬ್ಬರು ಗುಂಡಿ ಒತ್ತಲಿ. ಟಿಕ್ ಕೇಳಿಸಿತಾ? ಹಾಗಿದ್ದರೆ ಗುಂಡಿ, ರಿಬ್ಬನ್, ಸುರುಳಿ ಎಲ್ಲ ಸರಿ ಇವೆ; ತೊಂದರೆ ಆಚೆ ಕಡೆ, ಅಂದರೆ ಹಾರನ್ನಿನ ಫ್ಯೂಸ್, ರಿಲೇಯ ಸುಟ್ಟ ಗುಂಡಿ, ಹಾರನ್ನಿನ ಕನೆಕ್ಟರ್, ಅದರ ಅರ್ತ್ ಅಥವಾ ಹಾರನ್ನೇ. ಟಿಕ್ ಇಲ್ಲವಾ? ತೊಂದರೆ ಈಚೆ ಕಡೆ. ಪಕ್ಕದಲ್ಲೇ ಅದೇ ಸಂಖ್ಯೆ, ಅದೇ ಆಕಾರದ ಇನ್ನೊಂದು ರಿಲೇ ಇದ್ದರೆ ಅದನ್ನು ತೆಗೆದು ಹಾಕಿ ನೋಡಿ. ಐದು ನಿಮಿಷದ ಕೆಲಸ. ಇದರ ಬದಲು ‘ಸಾರ್, ಹಾರನ್ ಸೆಟ್ಟೇ ಚೇಂಜ್ ಮಾಡ್ಬೇಕು’ ಎಂಬ ಮಾತಿಗೆ ಸಾವಿರಾರು ರೂಪಾಯಿ ಕೊಟ್ಟವರು ಎಷ್ಟೋ ಜನ.

ಹಾರನ್ ನಿಲ್ಲದೆ ಹೊಡೆದುಕೊಳ್ಳುತ್ತಿದ್ದರೆ, ಅದೂ ಮದುವೆ ಛತ್ರದ ಮುಂದೆ ರಾತ್ರಿ ಹನ್ನೊಂದಕ್ಕೆ, ಗಾಬರಿಯಲ್ಲಿ ಬ್ಯಾಟರಿ ಕೇಬಲ್ ಕೀಳುವ ಬದಲು ರಿಲೇ ಕಿತ್ತು ತೆಗೆಯಿರಿ, ಸದ್ದು ನಿಲ್ಲುತ್ತದೆ. ಆಮೇಲೆ ಅಲ್ಲಿಗೆ ಬೇರೊಂದು ರಿಲೇ ಹಾಕಿ. ಸುಮ್ಮನಿದ್ದರೆ ಹಳೆಯದರ ಗುಂಡಿಗಳು ಬೆಸೆದುಕೊಂಡಿದ್ದವು ಅಂತ ಅರ್ಥ. ಹೊಸದೂ ಕೂಗಿಕೊಂಡರೆ ಸ್ಟೀರಿಂಗ್ ಕಡೆಯ ತಂತಿ ಎಲ್ಲೋ ಬಾಡಿಗೆ ತಾಗಿದೆ. ಒಂದು ಎಚ್ಚರಿಕೆ: ಏರ್‌ಬ್ಯಾಗ್ ಇರುವ ಸ್ಟೀರಿಂಗನ್ನು ನೀವಾಗಿ ಬಿಚ್ಚಬೇಡಿ. ಅದರೊಳಗೆ ಸ್ಫೋಟಕ ಇದೆ, ತಮಾಷೆಯಲ್ಲ.

ಜೋರು ಹಾರನ್ನಿನ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮ ಒಂದಾದ ಮೇಲೊಂದು ಬೇರೆಬೇರೆ ಸ್ವರ ಹೊರಡಿಸುವ ಹಾರನ್ನನ್ನೂ, ಕರ್ಕಶವಾದ, ಬೆಚ್ಚಿಬೀಳಿಸುವ ಸದ್ದಿನ ಸಾಧನವನ್ನೂ ನಿಷೇಧಿಸುತ್ತದೆ. ಅದನ್ನು ರಿಲೇ ಹಾಕಿ ಅಚ್ಚುಕಟ್ಟಾಗಿ ಜೋಡಿಸಿದರೂ ನಿಷೇಧ ನಿಷೇಧವೇ.

ಹೆಡ್‌ಲೈಟಿನದು ಹಾಗಲ್ಲ. ಅಲ್ಲಿ ರಿಲೇ ನಿಜಕ್ಕೂ ಜೀವ ಉಳಿಸಬಲ್ಲದು. ಆದರೆ ಅಂಗಡಿಯಲ್ಲಿ ಅದು ಮಾರಾಟವಾಗುವುದು ತಪ್ಪು ಕಾರಣಕ್ಕೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಯಾವ ಊರಿನ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋದರೂ ಮಾತು ಒಂದೇ: ‘100-90 ಹಾಕ್ತೀನಿ, ರಿಲೇ ಕೊಡ್ತೀನಿ ಸಾರ್, ಏನೂ ಆಗಲ್ಲ, ತಲೆ ಕೆಡಿಸ್ಕೋಬೇಡಿ’. ಅರ್ಧ ಸತ್ಯ. ರಿಲೇ ತಂತಿಯನ್ನೂ ಸ್ವಿಚ್ಚನ್ನೂ ಉಳಿಸುತ್ತದೆ, ಸರಿ. ಬಲ್ಬಿನ ಹಿಂದಿನ ಹೋಲ್ಡರು, ಪ್ಲಾಸ್ಟಿಕ್ ರಿಫ್ಲೆಕ್ಟರು 60 ವ್ಯಾಟಿನ ಬಿಸಿಗೆ ಮಾಡಿದವು, ಅವು ಕರಗುತ್ತವೆ. ಎದುರಿನಿಂದ ಬರುವ ಬೈಕ್ ಸವಾರನ ಕಣ್ಣಿಗೆ ರಿಲೇಯಿಂದ ಏನೂ ಪ್ರಯೋಜನವಿಲ್ಲ. ಇಂಥ ಬಲ್ಬುಗಳ ಡಬ್ಬಿಯ ಮೇಲೇ ‘ರಸ್ತೆ ಬಿಟ್ಟು ಬೇರೆಡೆ ಬಳಕೆಗೆ’ ಅಂತ ಸಣ್ಣಕ್ಷರದಲ್ಲಿ ಬರೆದಿರುವುದುಂಟು. ಸಿಕ್ಕಸಿಕ್ಕ ಎಲ್‌ಇಡಿ ಬಲ್ಬನ್ನು ಹ್ಯಾಲೊಜೆನ್ ರಿಫ್ಲೆಕ್ಟರಿಗೆ ತುರುಕುವುದೂ ಇದೇ ಜಾತಿಗೆ ಸೇರಿದ್ದು. ತಂತು ಇರಬೇಕಾದ ಬಿಂದುವಿನಲ್ಲಿ ಬೆಳಕಿನ ಮೂಲ ಇಲ್ಲದಿದ್ದರೆ ಬೆಳಕು ರಸ್ತೆಗೆ ಬೀಳುವ ಬದಲು ಎಲ್ಲೆಡೆ ಚೆಲ್ಲುತ್ತದೆ.

ನಾನು ಹೇಳುವುದು ಸಪ್ಪೆ ಉಪಾಯ: ಬಲ್ಬು ಕಂಪನಿಯದೇ 60/55 ಇರಲಿ, ತಂತಿ ಮಾತ್ರ ಬದಲಾಯಿಸಿ, ರಿಲೇ ಹಾಕಿಸಿ. ಮೊದಲು ಬೇಕಾ ಬೇಡವಾ ಅಂತ ಅಳೆದು ನೋಡಿ. ಎಂಜಿನ್ ಆನ್ ಇಟ್ಟು, ಲೈಟು ಉರಿಸಿ, ಮಲ್ಟಿಮೀಟರಿನಲ್ಲಿ ಬ್ಯಾಟರಿಯ ಎರಡು ತುದಿಗಳ ನಡುವಿನ ವೋಲ್ಟೇಜ್ ನೋಡಿ. 14ರ ಆಸುಪಾಸು ಇರುತ್ತದೆ. ಆಮೇಲೆ ಉರಿಯುತ್ತಿರುವ ಬಲ್ಬಿನ ಕನೆಕ್ಟರಿನಲ್ಲಿ ನೋಡಿ. ಅರ್ಧ ವೋಲ್ಟಿನೊಳಗೆ ವ್ಯತ್ಯಾಸ ಇದ್ದರೆ ಸುಮ್ಮನೆ ಗಾಜು ಒರೆಸಿಕೊಂಡು ಹೋಗಿ, ಏನೂ ಹಾಕಿಸಬೇಡಿ. ಒಂದು ವೋಲ್ಟು ದಾಟಿದ್ದರೆ ನಿಮ್ಮ ಬೆಳಕು ದಾರಿಯಲ್ಲಿ ಕಳುವಾಗುತ್ತಿದೆ. ಈ ಪರೀಕ್ಷೆ ಮಾಡದೆ ರಿಲೇ ಮಾರುವವರನ್ನು ನಂಬಬೇಡಿ. ರಿಲೇ ವೋಲ್ಟೇಜನ್ನು ಹೆಚ್ಚು ಮಾಡುವ ಯಂತ್ರವಲ್ಲ, ಹೋಗುತ್ತಿದ್ದದ್ದನ್ನು ಉಳಿಸುತ್ತದೆ ಅಷ್ಟೇ. ಅದರಿಂದ ಬ್ಯಾಟರಿ ಬೇಗ ಇಳಿಯುತ್ತೆ ಅನ್ನುವ ಭಯವೂ ಬೇಡ. ಸುರುಳಿ ತಿನ್ನುವುದು ಎರಡು ವ್ಯಾಟಿನಷ್ಟು.

ಹಾಕಿಸುವಾಗ ಕೆಲಸ ಕೆಡುವುದು ಎರಡು ಮೂರು ಜಾಗಗಳಲ್ಲಿ. ಮೊದಲನೆಯದು ಫ್ಯೂಸ್. ಬ್ಯಾಟರಿಯಿಂದ ನೇರ ಎಳೆದ ಹೊಸ ದಪ್ಪ ತಂತಿಗೆ ಕಾರಿನ ಹಳೆಯ ಫ್ಯೂಸ್ ಬಾಕ್ಸಿನ ರಕ್ಷಣೆ ಇಲ್ಲ. ಅದಕ್ಕೇ ಬೇರೆ ಫ್ಯೂಸ್ ಬೇಕು, ಅದೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಮಧ್ಯದಲ್ಲೋ ಕೊನೆಯಲ್ಲೋ ಹಾಕಿದರೆ ಅಲ್ಲಿಯವರೆಗಿನ ತಂತಿ ಅನಾಥ. ಅದು ಬಾಡಿಗೆ ಉಜ್ಜಿ ತಾಗಿದ ದಿನ ನಿಜವಾದ ಶಾರ್ಟ್ ಸರ್ಕ್ಯೂಟ್ ಆಗುತ್ತದೆ, ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ಆ ತಂತಿಯನ್ನು ಕೆಂಪಗೆ ಕಾಯಿಸುತ್ತದೆ. ರಿಲೇ ಹಾಕದ ಕಾರಿಗಿಂತ ಫ್ಯೂಸ್ ಇಲ್ಲದೆ ರಿಲೇ ಹಾಕಿದ ಕಾರು ಹೆಚ್ಚು ಅಪಾಯ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 15ರ ಜಾಗಕ್ಕೆ 30 ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತುವುದು, ಇವೆಲ್ಲ ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ.

ಎರಡನೆಯದು ಜಾಯಿಂಟ್. ತಂತಿ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟು ಬಾನೆಟ್ಟಿನ ಬಿಸಿಗೆ ಅಂಟು ಬಿಡುತ್ತದೆ, ಕರಾವಳಿ ಮಲೆನಾಡಿನ ಮಳೆಗೆ ಹಸಿರು ಹಿಡಿಯುತ್ತದೆ. ಎಲ್ಲಿಂದ ಶುರು ಮಾಡಿದೆವೋ ಅಲ್ಲಿಗೇ ವಾಪಸ್: ಕೆಟ್ಟ ಜಾಯಿಂಟು, ಬಿಸಿ, ಸುಮ್ಮನಿರುವ ಫ್ಯೂಸು. ಕ್ರಿಂಪ್ ಮಾಡಿ, ಶ್ರಿಂಕ್ ಟ್ಯೂಬ್ ಹಾಕಿಸಿ, ರಿಲೇಯನ್ನು ಕಾಲು ಕೆಳಮುಖವಾಗಿ ಕೂರಿಸಿ, ನೀರು ನಿಲ್ಲದಂತೆ. ಅರ್ತ್ ತಂತಿಯನ್ನು ಮರೆಯುವುದು ಇನ್ನೊಂದು ರೂಢಿ. ಹೋದ ಕರೆಂಟು ವಾಪಸ್ ಬರಬೇಕಲ್ಲ. ಪಾಸಿಟಿವ್ ಎರಡೂವರೆ ಚದರ ಮಿಲಿಮೀಟರ್ ಎಳೆದು ಅರ್ತ್‌ಗೆ ಹಳೆಯ ಸಣಕಲು ತಂತಿ ಬಿಟ್ಟರೆ ಅರ್ಧ ಕೆಲಸ. ಕೆಲವು ಜಪಾನಿ ವಿನ್ಯಾಸದ ಗಾಡಿಗಳಲ್ಲಿ ಸ್ವಿಚ್ಚು ಪಾಸಿಟಿವ್ ಬದಲು ಅರ್ತ್ ಕಡೆಯನ್ನು ಆಡಿಸುತ್ತದೆ, ಅಲ್ಲಿ ಅಂಗಡಿಯ ಸಿದ್ಧ ವೈರಿಂಗ್ ಸೆಟ್ಟು ಹಾಗೇ ಕೂರುವುದಿಲ್ಲ. ಲೋ, ಹೈ ಎರಡಕ್ಕೂ ಬೇರೆಬೇರೆ ರಿಲೇ ಇರಲಿ. ಸಾಧ್ಯವಾದರೆ ಎಡ ಬಲ ಬಲ್ಬಿಗೂ ಬೇರೆ ಫ್ಯೂಸ್. ಒಂದೇ ಫ್ಯೂಸಿನಲ್ಲಿ ಎರಡೂ ಇದ್ದು ಅದು ತಿರುವಿನಲ್ಲಿ ಹೋದರೆ ಪೂರ್ತಿ ಕತ್ತಲು.

ಅಗ್ಗದ ರಿಲೇ ಯಾಕೆ ಬೇಡ ಅನ್ನುವುದಕ್ಕೂ ಒಂದು ಕಾರಣ ಹೇಳಿಬಿಡುತ್ತೇನೆ. ತಣ್ಣಗಿರುವ ಟಂಗ್‌ಸ್ಟನ್ ತಂತುವಿನ ರೋಧ ಬಿಸಿಯಾದಾಗಿನದರ ಹತ್ತನೇ ಒಂದು ಭಾಗದಷ್ಟು ಅಥವಾ ಇನ್ನೂ ಕಡಿಮೆ. ಸ್ವಿಚ್ ಹಾಕಿದ ಮೊದಲ ಕೆಲವು ಮಿಲಿಸೆಕೆಂಡು 5 ಆಂಪಿಯರಿನ ಬಲ್ಬು 50 ಆಂಪಿಯರ್ ಹತ್ತಿರ ಎಳೆಯುತ್ತದೆ. ಆ ಹೊಡೆತ ತಿನ್ನುವುದು ರಿಲೇಯ ಗುಂಡಿ. ಗುಂಡಿಯಲ್ಲಿ ಬೆಳ್ಳಿ ಮಿಶ್ರಲೋಹದ ಬದಲು ಬರೀ ಲೇಪ ಇದ್ದರೆ ಬೇಗ ಬೆಸೆದುಕೊಳ್ಳುತ್ತದೆ.

ಇದೆಲ್ಲ ಹಳೆ ಗಾಡಿಯ ಕತೆ, ಹೊಸ ಕಾರಿನಲ್ಲಿ ಇದ್ಯಾವುದೂ ಬೇಡ ಅನ್ನಬಹುದು. ಒಂದು ಮಟ್ಟಿಗೆ ಹೌದು. ಇತ್ತೀಚಿನ ಅನೇಕ ಕಾರುಗಳಲ್ಲಿ ಲೈಟಿನ ಕಡ್ಡಿ ಒಂದು ಕಂಪ್ಯೂಟರಿಗೆ ಸಂಕೇತ ಕಳಿಸುತ್ತದೆ, ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಆ ಪೆಟ್ಟಿಗೆಯೊಳಗೆ ಮಾಸ್‌ಫೆಟ್ ಎಂಬ ಅರೆವಾಹಕ ಸ್ವಿಚ್ಚುಗಳಿರುತ್ತವೆ. ತತ್ವ ಅದೇ, ಸಣ್ಣ ಅಪ್ಪಣೆ, ದೊಡ್ಡ ಕೆಲಸ; ಟಿಕ್ ಸದ್ದು ಮಾತ್ರ ಇಲ್ಲ. ಇಂಡಿಕೇಟರ್ ಹಾಕಿದಾಗ ಕೇಳುವ ಟಿಕ್-ಟಿಕ್ ಈಗ ಬಹಳ ಕಾರುಗಳಲ್ಲಿ ಸ್ಪೀಕರಿನಿಂದ ನುಡಿಸುವ ನಕಲಿ ಸದ್ದು. ಈ ಸ್ವಿಚ್ಚುಗಳು ಬುದ್ಧಿವಂತ, ಒಪ್ಪಬೇಕು. ಕರೆಂಟು ಅಳೆಯುತ್ತವೆ, ಬಲ್ಬು ಹೋದರೆ ಹೇಳುತ್ತವೆ, ಮೊದಲ ಹೊಡೆತವನ್ನು ತಡೆಯುತ್ತವೆ. ಸ್ಟೀರಿಂಗ್ ಕಡೆಯ ಸಂಕೇತ ಕಡಿದುಹೋದರೆ ಲೋ ಬೀಮನ್ನು ತಾವಾಗಿ ಉರಿಸಿಡುವ ವಿನ್ಯಾಸಗಳೂ ಇವೆ. ರೈಲ್ವೆ ಸಿಗ್ನಲ್ ರಿಲೇಗಳಲ್ಲಿ ಈ ಯೋಚನೆ ಬಹಳ ಹಿಂದಿನಿಂದ ಇದೆ, ಅಲ್ಲಿ ಕರೆಂಟ್ ಹೋದರೆ ಪಟ್ಟಿ ಬಿದ್ದು ಸಿಗ್ನಲ್ ಕೆಂಪಾಗಬೇಕು.

ಆದರೆ ಆ ಪೆಟ್ಟಿಗೆಯೊಳಗಿನ ಒಂದು ಮಾಸ್‌ಫೆಟ್ ಸತ್ತರೆ? ಕಿತ್ತು ಪಕ್ಕದ್ದನ್ನು ಹಾಕಿ ನೋಡುವಂತಿಲ್ಲ. ಸರ್ವಿಸ್ ಸೆಂಟರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ‘ಇಡೀ ಮಾಡ್ಯೂಲ್ ಬದಲಾಯಿಸಬೇಕು’. ನೂರರಲ್ಲಿ ಮುಗಿಯುತ್ತಿದ್ದ ಕೆಲಸ ಸಾವಿರಗಳಿಗೆ ಹೋಗುತ್ತದೆ, ಹೊಸ ಮಾಡ್ಯೂಲನ್ನು ಕಾರಿಗೆ ಪರಿಚಯಿಸಲು ಕಂಪನಿಯ ಸಾಫ್ಟ್‌ವೇರೇ ಬೇಕಾಗಬಹುದು, ಬೀದಿಯ ಎಲೆಕ್ಟ್ರಿಷಿಯನ್ ಆಟದಿಂದಲೇ ಹೊರಗೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿದಾಗ ಮೊಬೈಲ್, ಕೃಷಿ ಯಂತ್ರ, ಗೃಹೋಪಯೋಗಿ ವಸ್ತುಗಳ ಜೊತೆ ವಾಹನವನ್ನೂ ಸೇರಿಸಿತ್ತು, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಶುರುವಾಯಿತು. ಬಿಡಿಭಾಗದ ಬೆಲೆ, ವಾರಂಟಿ ವಿವರ, ಕೈಪಿಡಿ ಕೊಡಿ ಎಂದು ಕಂಪನಿಗಳನ್ನು ಕೇಳಿಕೊಳ್ಳುವುದು ಒಂದು, ಕೊಡಲೇಬೇಕು ಎಂಬ ಕಾನೂನು ಇನ್ನೊಂದು. ವೈರಿಂಗ್ ಚಿತ್ರ ಕೈಗೆ ಸಿಗದ ಮೆಕ್ಯಾನಿಕ್ ಹೊಸ ಕಾರಿನ ಹೆಡ್‌ಲೈಟ್ ತಂತಿಗೆ ಫಾಗ್ ಲ್ಯಾಂಪ್ ಸಿಕ್ಕಿಸುತ್ತಾನೆ. ಮಾಡ್ಯೂಲ್ ಅದನ್ನು ದೋಷ ಅಂತ ಭಾವಿಸಿ ಲೈಟನ್ನೇ ಆರಿಸಬಹುದು, ಇಲ್ಲವೇ ವಾರಂಟಿ ಕೇಳಲು ಹೋದ ದಿನ ಕಂಪನಿ ಆ ಜಾಯಿಂಟನ್ನು ತೋರಿಸಿ ಕೈತೊಳೆದುಕೊಳ್ಳುತ್ತದೆ. ಹೊಸ ಕಾರಿಗೆ ಲೈಟು ಸೇರಿಸುವುದಿದ್ದರೆ ಹಳೆಯ ತಂತಿ ಕತ್ತರಿಸದೆ, ಆ ಮಾದರಿಗೆಂದೇ ಮಾಡಿದ ಕನೆಕ್ಟರ್ ಮತ್ತು ರಿಲೇ ಸೆಟ್ಟು ಮಾತ್ರ ಬಳಸಿ.

ಅಂಗಡಿಯಲ್ಲಿ ಕೇಳಬೇಕಾದದ್ದು ನಾಲ್ಕೇ ಮಾತು. ಅಣ್ಣಾ, ಬ್ಯಾಟರಿ ಪಕ್ಕ ಫ್ಯೂಸ್ ಎಷ್ಟರದ್ದು ಹಾಕ್ತೀರಾ? ತಂತಿ ಎಷ್ಟು ಚದರ ಮಿಲಿಮೀಟರ್? ಅರ್ತ್ ಎಲ್ಲಿಗೆ ಕೊಡ್ತೀರಾ? ಹಾಕುವ ಮುಂಚೆ, ಹಾಕಿದ ಮೇಲೆ ಬಲ್ಬಿನ ಹತ್ತಿರ ವೋಲ್ಟೇಜ್ ಎಷ್ಟಿದೆ ಅಂತ ಮೀಟರಿನಲ್ಲಿ ತೋರಿಸ್ತೀರಾ? ಉತ್ತರ ಕೊಡುವ ಎಲೆಕ್ಟ್ರಿಷಿಯನ್‌ಗಳು ಇದ್ದಾರೆ, ಕೇಳಿದ್ದಕ್ಕೆ ಖುಷಿಪಡುವವರೂ ಇದ್ದಾರೆ. ಬಿಲ್ಲಿನ ಮೇಲೆ ಇಷ್ಟನ್ನೂ ಬರೆಸಿಕೊಂಡು ಗಾಡಿಯ ದಾಖಲೆಗಳ ಜೊತೆ ಇಟ್ಟುಕೊಳ್ಳಿ, ಮುಂದೆ ವಿಮೆಯವರು ಕೇಳಿದರೆ ಬೇಕಾಗುತ್ತದೆ.